ಘಟ್ಟ ಹತ್ತಿ ಬಂದ ದೋಣಿ

ಕಳೆದ ವಾರ ನಮ್ಮ ಅಂಗಡಿಯ ಪಕ್ಕದ ಮರದ ಡಿಪೋದಲ್ಲಿ ತೊಲೆಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಬಳಿದರೆ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ, ನೀರೂ ಒಳಗಿಳಿಯುವುದಿಲ್ಲ. ವಾಸನೆ ಮಾತ್ರ ಮೂಗಿನಲ್ಲಿ ನಿಲ್ಲದೆ ಸೀದಾ ಗಂಟಲಿಗೆ ಹೋಗಿ ಕೂರುತ್ತದೆ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವನು ಎದ್ದು, ಷಟರ್ ಎಳೆದು ಮನೆಗೆ ಹೋಗಿಬಿಟ್ಟೆ. ಹೆಂಡತಿ ಕೇಳಿದ್ದಕ್ಕೆ ತಲೆನೋವು ಅಂದೆ. ತಲೆಗೆ ಏನೂ ಆಗಿರಲಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಒಬ್ಬರ ಮುಖ ನೆನಪಾಗುತ್ತದೆ, ನೆನಪಾದ ಕೂಡಲೇ ನಾಚಿಕೆಯಾಗುತ್ತದೆ. ಇಷ್ಟು ವರ್ಷವಾದರೂ ಆ ನಾಚಿಕೆ ಹಳತಾಗಿಲ್ಲ.

ಸಾಗರದಲ್ಲಿ ನನ್ನದು ಸೀಟ್ ಕವರ್, ಟಾರ್ಪಾಲು ಹೊಲಿಯುವ ಅಂಗಡಿ. ಮದುವೆಯ ದಿನಗಳಲ್ಲಿ ಶಾಮಿಯಾನದ ಹರುಕು, ಮಳೆಗಾಲಕ್ಕೆ ಮುಂಚೆ ಲಾರಿಯ ಹೊದಿಕೆ, ವರ್ಷವಿಡೀ ಬೈಕಿನ ಸೀಟು. ಇಂಥ ಅಂಗಡಿಗೆ ಒಂದು ದಿನ ಒಬ್ಬ ಅಜ್ಜ ದೊಡ್ಡದೊಂದು ಬಟ್ಟೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಬಿಚ್ಚಿದರೆ ಅಂಗಡಿಯ ನೆಲ ಸಾಲಲಿಲ್ಲ, ಉಳಿದದ್ದು ರಸ್ತೆಗೆ ಹೋಯಿತು. ಮೂರು ಮೂಲೆಯ ಬಟ್ಟೆ, ತೇಪೆಯ ಮೇಲೆ ತೇಪೆ. ನಾನು ಹೊಲಿಗೆಯವನ ಜಂಬದಿಂದ, "ಇದೆಂಥ ಶಾಮಿಯಾನ ಅಜ್ಜ, ಮೂರೇ ಮೂಲೆ?" ಅಂದೆ.

"ಶಾಮಿಯಾನ ಅಲ್ಲ ಮಾರಾಯ, ಹಾಯಿ. ದೋಣೀದು," ಅಂದರು ಅವರು.

ಸಾಗರದ ಪೇಟೆಯಲ್ಲಿ ಹಾಯಿ! ನಮಗೆ ಶರಾವತಿಯ ಹಿನ್ನೀರು ಗೊತ್ತು, ಅದರ ಮೇಲೆ ಓಡುವ ಲಾಂಚು ಗೊತ್ತು, ಮೀನು ಹಿಡಿಯುವವರ ತೆಪ್ಪ ಗೊತ್ತು. ಹಾಯಿ ಕಟ್ಟಿದ ದೋಣಿ ಸಮುದ್ರದ್ದು, ಅದು ಘಟ್ಟದ ಕೆಳಗೇ ಇರಬೇಕು. ಆದರೆ ಇವರದು ಘಟ್ಟ ಹತ್ತಿ ಬಂದ ದೋಣಿ. ಆಮೇಲೆ ಪ್ರತಿ ವರ್ಷ ಬೇಸಿಗೆಯ ಗಾಳಿ ಏಳುವ ಮೊದಲು ಹಾಯಿಯ ರಿಪೇರಿಗೆ ಬರತೊಡಗಿದರು. ನಾನು ಹೊಲಿಯುತ್ತಿದ್ದೆ, ಅವರು ಸ್ಟೂಲಿನ ಮೇಲೆ ಕೂತು ಯಾವ ತೇಪೆ ಎಲ್ಲಿ ಬಿದ್ದದ್ದು ಎಂದು ಹೇಳುತ್ತಿದ್ದರು. ಇದು ಮಲ್ಪೆಯಲ್ಲಿ, ಇದು ಕಾರವಾರದಲ್ಲಿ, ಈ ಉದ್ದದ್ದು ರತ್ನಾಗಿರಿಯ ಹತ್ತಿರ ಗಾಳಿ ತಿರುಗಿದಾಗ... ನಾನು, ಎದುರಿನ ಹೋಟೆಲಿನವರು ಎಲ್ಲ ಅವರನ್ನು ದೋಣಿಯಜ್ಜ ಎಂದೇ ಕರೆಯುತ್ತಿದ್ದೆವು.

ಅವರ ಕತೆ ನನಗೆ ಗೊತ್ತಾದದ್ದೂ ಹೀಗೆ, ತೇಪೆ ತೇಪೆಯಾಗಿ. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಅವರ ಊರು ಮುಳುಗಿತು. ಅವರಾಗ ಮೀಸೆ ಮೂಡದ ಹುಡುಗ. ಮನೆಯವರು ಹೊಸನಗರದ ಕಡೆ ಕಾಡಿನಲ್ಲಿ ಕೊಟ್ಟ ಜಾಗಕ್ಕೆ ಹೋದರು. ಇವರು ಸಿಟ್ಟು ಮಾಡಿಕೊಂಡು ಘಟ್ಟ ಇಳಿದು, ಹೆಂಚು ಸಾಗಿಸುವ ಹಾಯಿಹಡಗುಗಳಲ್ಲಿ ಕೆಲಸಕ್ಕೆ ಸೇರಿಕೊಂಡರು. "ನೀರಿನ ಮೇಲೆ ಸಿಟ್ಟು ಮಾಡ್ಕಂಡು ನೀರಿಗೇ ಹೋದೆ ನೋಡು," ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಎಂಜಿನ್ ಬಂದು ಹಾಯಿಗೆ ಬೆಲೆ ಇಲ್ಲದಂತಾದಾಗ, ತಾವು ಮಾಡಿಕೊಂಡಿದ್ದ ಚಿಕ್ಕ ದೋಣಿಯೊಂದನ್ನು ಖಾಲಿ ಲಾರಿಯ ಮೇಲೆ ಹೇರಿಕೊಂಡು ವಾಪಸು ಘಟ್ಟ ಹತ್ತಿದರಂತೆ. ಅರಣ್ಯದ ಚೆಕ್‌ಪೋಸ್ಟಿನಲ್ಲಿ ಇದು ಯಾವ ಜಾತಿಯ ಮರ, ಪರ್ಮಿಟ್ ಎಲ್ಲಿ ಎಂದು ಅರ್ಧ ದಿನ ಕೂರಿಸಿದ್ದರಂತೆ.

ಅಷ್ಟು ಕಷ್ಟಪಟ್ಟು ದೋಣಿ ತಂದದ್ದು ಮೀನಿಗಲ್ಲ, ತಿರುಗಾಟಕ್ಕೂ ಅಲ್ಲ. ಮುಳುಗಿದ ಅವರ ಊರಿನ ಗಡಿಯಲ್ಲಿ ಮನೆತನದ ಕಾವಲು ದೇವತೆ ಚೌಡಿ ಇದ್ದಳು. ಗುಡಿಯಿಲ್ಲ, ಮೂರ್ತಿಯಿಲ್ಲ, ಮರದ ಬುಡದಲ್ಲಿ ಒಂದು ಕಲ್ಲು ಅಷ್ಟೆ. ಊರು ಬಿಡುವಾಗ ಹಿರಿಯರು ಅದನ್ನು ಕೀಳಲು ಧೈರ್ಯ ಮಾಡಲಿಲ್ಲ. ಚೌಡಿಯನ್ನು ಕೂತ ಜಾಗದಿಂದ ಎಬ್ಬಿಸಬಾರದು ಎಂಬುದು ಅವರ ನಂಬಿಕೆ. ಬೇಸಿಗೆಯ ಕೊನೆಯಲ್ಲಿ ಹಿನ್ನೀರು ತೀರಾ ಕೆಳಗಿಳಿದಾಗ ಆ ಕಲ್ಲು ಹೊರಬೀಳುತ್ತದೆ. ಮಳೆ ಬಂದರೆ ಮತ್ತೆ ಒಳಗೆ. ನಡುವಿನ ಹತ್ತು ಹದಿನೈದು ದಿನಗಳಲ್ಲಿ ಒಂದು ಶುಕ್ರವಾರ ಹೋಗಿ, ಕಲ್ಲು ತೊಳೆದು, ಕಾಯಿ ಒಡೆದು ಬರಬೇಕು. ಮನೆಯವರಲ್ಲಿ ಜಾಗ ಗೊತ್ತಿದ್ದವರು ಒಬ್ಬೊಬ್ಬರೇ ತೀರಿಕೊಂಡು, ಉಳಿದದ್ದು ಇವರೊಬ್ಬರೇ.

ಮೊಣಕಾಲು ಕೈಕೊಟ್ಟ ವರ್ಷ ತೀರ್ಥಹಳ್ಳಿಯಲ್ಲಿದ್ದ ಮಗಳು ಅವರನ್ನು ತನ್ನ ಮನೆಗೆ ಕರೆಸಿಕೊಂಡಳು. ಹೊರಡುವ ಮುಂಚೆ ಅಂಗಡಿಗೆ ಬಂದು, "ದೋಣಿ ನೀ ತಗ. ಹಾಯಿಗೆ ಇಷ್ಟು ವರ್ಷ ಸೂಜಿ ಹಾಕಿದವನು ನೀನೇ," ಅಂದರು. ದುಡ್ಡಿನ ಮಾತು ಎರಡು ನಿಮಿಷಕ್ಕೆ ಮುಗಿಯಿತು, ಅವರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಕೇಳಿದ್ದು ಒಂದೇ. ವರ್ಷಕ್ಕೊಂದು ಸಲ, ನೀರು ಇಳಿದಾಗ, ಅವರನ್ನು ಕೂರಿಸಿಕೊಂಡು ಆ ಕಲ್ಲಿನ ಹತ್ತಿರ ಹೋಗಿಬರಬೇಕು. ಅವರ ಕೈಲಾಗದ ಕಾಲಕ್ಕೆ ಮಗಳನ್ನು ಕರೆದುಕೊಂಡು ಹೋಗಬೇಕು. "ಅದೇನು ದೊಡ್ಡ ಮಾತು ಅಜ್ಜ," ಅಂದೆ. ನಿಜಕ್ಕೂ ದೊಡ್ಡ ಮಾತು ಅನ್ನಿಸಿರಲಿಲ್ಲ. ಹಾಯಿದೋಣಿಯ ಯಜಮಾನನಾಗುವ ಹಿಗ್ಗಿನಲ್ಲಿ ನನಗೆ ಬೇರೆ ಯಾವ ಮಾತೂ ಕೇಳಿಸುತ್ತಿರಲಿಲ್ಲ.

ದೋಣಿ ಇದ್ದದ್ದು ಪೇಟೆಯಿಂದ ಸ್ಕೂಟರಿನಲ್ಲಿ ಅರ್ಧ ಗಂಟೆ ದೂರದ ಹಿನ್ನೀರಿನ ದಡದಲ್ಲಿ. ಒಪ್ಪಿಸುವ ದಿನ ಅವರು ದೋಣಿಯ ಸುತ್ತ ಒಂದು ಸುತ್ತು ಬಂದರು, ಹಲಗೆ ಹಲಗೆಯ ಮೇಲೂ ಅಂಗೈ ಇಟ್ಟು ಇದು ಹೊನ್ನಾವರದಲ್ಲಿ ಬದಲಾಯಿಸಿದ್ದು, ಇದು ಮೊದಲಿನದೇ ಎಂದು ತೋರಿಸಿದರು. ದನ ಮಾರುವವರು ಕೊನೆಗೊಮ್ಮೆ ಮೈ ಸವರುತ್ತಾರಲ್ಲ, ಹಾಗೆ. ಚುಕ್ಕಾಣಿಯ ಹಿಡಿಯನ್ನು ನನ್ನ ಕೈಗೆ ಕೊಟ್ಟು, "ಬೆಳಗ್ಗೆ ಮೂಡಗಾಳಿ ಒಯ್ತದೆ, ಮಧ್ಯಾಹ್ನ ಪಡುಗಾಳಿ ತರ್ತದೆ. ನೀ ಸುಮ್ನೆ ಕೂತ್ರೆ ಸಾಕು," ಅಂದರು.

ಸುಮ್ಮನೆ ಕೂರುವುದೇ ನನ್ನಿಂದ ಆಗದ ಕೆಲಸ. ಆ ವರ್ಷವೆಲ್ಲ ಭಾನುವಾರಗಳಂದು ಹಾಯಿ ಕಲಿಯಲು ಹೋಗಿ, ಗಾಳಿ ಸರಿಯಿಲ್ಲ, ಹಗ್ಗ ಸರಿಯಿಲ್ಲ ಎಂದು ಬೈಯುತ್ತ, ಹುಟ್ಟು ಹಾಕಿಕೊಂಡು ವಾಪಸು ಬರುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೇಟೆಯಲ್ಲಿ ಮಾತ್ರ ನನ್ನ ದೋಣಿಯ ಸುದ್ದಿಯೇ ಸುದ್ದಿ. ಫೋನಿನಲ್ಲಿ ಫೋಟೋ ತೋರಿಸದೆ ಯಾರನ್ನೂ ಬಿಡುತ್ತಿರಲಿಲ್ಲ.

ಬೇಸಿಗೆಯ ಕೊನೆಗೆ ಅಜ್ಜ ಬಂದರು. ಆ ದಿನದ ವಿಷಯ ಬರೆಯಲು ಕೈ ಹಿಂದೆಗೆಯುತ್ತದೆ... ನಾನು ನನ್ನ ಭಾವಮೈದುನನನ್ನೂ ಕರೆದುಕೊಂಡು ಹೋಗಿದ್ದೆ, ನನ್ನ ಯಜಮಾನಿಕೆ ನೋಡಲಿ ಎಂದು. ಅಜ್ಜ ದೋಣಿ ಹತ್ತಿದರು, ಯಾರೂ ಹೇಳದೆ ಹಿಂದೆ ಹೋಗಿ ಚುಕ್ಕಾಣಿ ಹಿಡಿದು ಕೂತರು. ಎಷ್ಟೋ ವರ್ಷದ ಅಭ್ಯಾಸ, ಅವರಿಗೆ ಅದನ್ನು ಹಿಡಿದದ್ದೂ ಗೊತ್ತಾಗಿರಲಿಕ್ಕಿಲ್ಲ. ನಾನು ಹಾಕಿದ ಗಂಟು ನೋಡಿ, "ಇದೆಂತ, ದನ ಕಟ್ಟಿದಂಗೆ ಕಟ್ಟೀಯಲ ಮಾರಾಯ," ಎಂದು ನಕ್ಕು ಬಿಚ್ಚಿ ಕಟ್ಟಿದರು. ಭಾವಮೈದುನನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ದೋಣಿ ನನ್ನದು, ಇವರು ಕೂತ ಕೂಡಲೇ ನಾನು ಅದರಲ್ಲಿ ಪ್ರಯಾಣಿಕನಾಗಿಬಿಟ್ಟೆನಲ್ಲ ಎಂದು.

ದಾರಿಯುದ್ದಕ್ಕೂ ಅವರು ಹೇಳುತ್ತಲೇ ಇದ್ದರು. ನೀರಿನಲ್ಲಿ ಒಣಗಿ ನಿಂತ ಮರಗಳ ನಡುವೆ ದೋಣಿ ಸಾಗುವಾಗ, ಇಲ್ಲಿ ನಮ್ಮ ಶಾಲೆ, ಇಲ್ಲಿಂದ ಹಳೇ ರಸ್ತೆ ಬಲಕ್ಕೆ ತಿರುಗುತ್ತಿತ್ತು, ಆ ಕವಲುಮರ ನೆನಪಿಟ್ಟುಕೋ ಎಂದೆಲ್ಲ. ನಾನು ಮುಖ ತಿರುಗಿಸಿಕೊಂಡು ಮುಂದೆ ಕೂತು ಫೋನಿನಲ್ಲಿ ನನ್ನದೇ ವಿಡಿಯೋ ತೆಗೆದುಕೊಳ್ಳುತ್ತಿದ್ದೆ. ದೋಣಿ ಒಂದು ಕೆಸರಿನ ದಿಬ್ಬಕ್ಕೆ ತಾಗಿತು. ಅವರು ಕಾಯಿ, ಕುಂಕುಮದ ಚೀಲ ಹಿಡಿದು ಕಷ್ಟಪಟ್ಟು ಇಳಿದು, "ಬಾ, ಜಾಗ ನೋಡ್ಕ," ಅಂದರು. "ನೀವು ಹೋಗಿ ಬನ್ನಿ ಅಜ್ಜ, ನಾನು ದೋಣಿ ಕಾಯ್ತೀನಿ," ಅಂದೆ. ಸುತ್ತ ಮೈಲಿಗಟ್ಟಲೆ ಒಂದು ನರಪಿಳ್ಳೆಯಿಲ್ಲ. ಯಾರಿಂದ ಕಾಯುವುದು ದೋಣಿಯನ್ನು? ಅವರು ಒಂದು ಗಳಿಗೆ ನನ್ನನ್ನು ನೋಡಿ, ಕೋಲೂರಿಕೊಂಡು ಬಿರುಕುಬಿಟ್ಟ ಕೆಸರಿನ ಮೇಲೆ ಒಬ್ಬರೇ ನಡೆದರು. ಭಾವಮೈದುನ ನೆರಳು ಹುಡುಕಿ ಮಲಗಿದ. ನಾನು ಬೆನ್ನು ತಿರುಗಿಸಿ ಕೂತು ಅವಲಕ್ಕಿ ತಿಂದೆ. ಅರ್ಧ ಗಂಟೆಯ ಮೇಲೆ ಅವರು ಬಂದು ಕಾಯಿಯ ಹೋಳನ್ನು ಪ್ರಸಾದ ಎಂದು ನನ್ನ ಕೈಗಿಟ್ಟರು. ಸಿಟ್ಟು ಇರಲಿಲ್ಲ ಅವರ ಮುಖದಲ್ಲಿ. ಮೊಣಕಾಲಿನವರೆಗೆ ಕೆಸರಾಗಿತ್ತು.

ಮರುವರ್ಷ ಮೇ ತಿಂಗಳಲ್ಲಿ ಅವರ ಫೋನ್ ಬಂತು. "ಈ ಸಲ ಮಳೆ ಬೇಗ ಅಂತಾರೆ. ಶುಕ್ರವಾರ ಬರ್ಲಾ?"

ಆ ಶುಕ್ರವಾರ ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಯೊಂದಕ್ಕೆ ದೋಣಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಹಾಯಿ ಬಿಚ್ಚಿದ ದೋಣಿ ಅಂದರೆ ಫೋಟೋದವರಿಗೆ ಪ್ರಾಣ. ಹಾಗೆಂದು ಹೇಳಿ, ಮುಂದಿನ ಶುಕ್ರವಾರ ಬನ್ನಿ ಅನ್ನಬಹುದಿತ್ತು. ಅವರು ಬೇಡ ಅನ್ನುತ್ತಿರಲಿಲ್ಲ. ಆದರೆ ಹೋದ ವರ್ಷದ ಆ ನಗು ನನ್ನ ಹೊಟ್ಟೆಯಲ್ಲಿ ಇನ್ನೂ ಕೂತಿತ್ತು. ಇನ್ನೊಮ್ಮೆ ಅವರನ್ನು ಹಿಂದೆ ಕೂರಿಸಿಕೊಂಡು ನಾನು ಮುಂದೆ ಕೂರಲಾರೆ ಅನ್ನಿಸಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ದೋಣಿ ಸೋರ್ತಾ ಇದೆ ಅಜ್ಜ. ಈ ವರ್ಷ ಆಗಲ್ಲ."

ಆ ಕಡೆಯಿಂದ ಡಾಕ್ಟರು ಕೇಳುವ ಹಾಗೆ ಒಂದೊಂದೇ ಪ್ರಶ್ನೆ. ಎಲ್ಲಿ ಸೋರುತ್ತದೆ? ಮುಂದೆ, ಎಡಗಡೆ ಅಂದೆ. ಹಲಗೆಯ ಸಂದಿಯೋ, ಮೊಳೆಯ ತೂತೋ? ಸಂದಿ ಅಂದೆ. ಒಂದು ಗಂಟೆಗೆ ಎಷ್ಟು ನೀರು ಬರುತ್ತದೆ? ಒಂದು ಕೊಡ ಅಂದೆ. ಒಂದು ಸುಳ್ಳಿನ ಹಿಂದೆ ಸಾಲಾಗಿ ಬಂದವು ಉಳಿದವು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿ, "ದೋಣಿ ಸೋರ್ತದೆ ಅಂದ್ರಾ? ಅವರಿಗಾ?" ಅಂದಳು. ನಾನು ಟೀವಿಯ ಸದ್ದು ಜೋರು ಮಾಡಿದೆ.

ಶುಕ್ರವಾರ ಮಧ್ಯಾಹ್ನ ನಾನು ದಡದಲ್ಲಿ ನಿಂತಿದ್ದೆ. ದೋಣಿ ದಡದಿಂದ ನೂರು ಮಾರು ದೂರದಲ್ಲಿ, ಹಾಯಿ ಬಿಚ್ಚಿಕೊಂಡು, ಮದುಮಗಳ ಕೆಂಪು ಸೆರಗು ಹಾರಿಸಿಕೊಂಡು ನಿಂತಿತ್ತು. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ದೋಣಿಯಜ್ಜ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗೇರೆಣ್ಣೆಯ ಡಬ್ಬಿ. ಕಂಕುಳಲ್ಲಿ ಸಂದಿಗೆ ತುಂಬಲು ಹತ್ತಿಯ ಗಂಟು. ತೀರ್ಥಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ಹೊಸನಗರದಲ್ಲಿ ಬಸ್ಸು ಬದಲಿಸಿ, ಸಾಗರದಲ್ಲಿ ಇನ್ನೊಂದು ಬಸ್ಸು ಹತ್ತಿ, ಕೊನೆಯ ಎರಡು ಮೈಲಿ ಆ ಮೊಣಕಾಲಿನಲ್ಲಿ ನಡೆದು ಬಂದಿದ್ದರು. ದೋಣಿ ಮಾಡಿದವನಿಗೆ ದೋಣಿ ಸೋರುತ್ತದೆ ಎಂದು ಹೇಳಿದರೆ ಅವನು ಮನೆಯಲ್ಲಿ ಕೂರುತ್ತಾನೆಯೇ? ಅಷ್ಟೂ ನನಗೆ ಹೊಳೆದಿರಲಿಲ್ಲ.

ಅವರು ಬಹಳ ಹೊತ್ತು ನೀರಿನ ಕಡೆ ನೋಡಿದರು. ನಾನು ಕಾಲಿನ ಬೆರಳಿನಿಂದ ಕೆಸರು ಕೆದಕುತ್ತ ನಿಂತೆ. ಬೈದಿದ್ದರೆ ಬದುಕುತ್ತಿದ್ದೆ.

"ಸೋರ್ತಿಲ್ಲ," ಅಂದರು ಕೊನೆಗೆ. "ಒಳ್ಳೇದಾತು."

ಅಷ್ಟೇ. ವ್ಯಂಗ್ಯವಾಗಿ ಹೇಳಿದರೆಂದು ಆಗ ಅಂದುಕೊಂಡೆ, ಹಾಗೆ ಅಂದುಕೊಂಡರೆ ಸ್ವಲ್ಪ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಈಗ ಗೊತ್ತು, ಅವರು ನಿಜವಾಗಿಯೇ ಹೇಳಿದ್ದು. ದಾರಿಯುದ್ದಕ್ಕೂ ದೋಣಿಯ ಬಗ್ಗೆ ಹೆದರಿಕೊಂಡು ಬಂದವರಿಗೆ ಅದು ಗಟ್ಟಿಯಾಗಿದೆ ಎಂದು ಕಂಡದ್ದೇ ಸಮಾಧಾನವಾಗಿತ್ತು. ಫೋಟೋದವರು ಮುಗಿಸಲು ಇನ್ನೂ ಎರಡು ಗಂಟೆ ಬೇಕಿತ್ತು. ನಿಲ್ಲಿಸಿ, ಇಳಿಯಿರಿ, ಇವರನ್ನು ಕರೆದುಕೊಂಡು ಹೋಗಬೇಕು ಎಂದು ನಾನೊಂದು ಕೂಗು ಹಾಕಬಹುದಿತ್ತು. ಹಾಕಲಿಲ್ಲ. ಅಜ್ಜ ಎಣ್ಣೆಯ ಡಬ್ಬಿಯನ್ನು ನನ್ನ ಕಾಲ ಬುಡದಲ್ಲಿಟ್ಟು, "ಇರ್ಲಿ, ಮಳೆಗಾಲಕ್ಕೆ ಮುಂಚೆ ಒಂದು ಕೈ ಬಳೀಬೇಕು ಹೆಂಗೂ," ಅಂದರು. ಬಸ್ಸಿಗೆ ಬಿಡುತ್ತೇನೆಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದರು. ಆ ಕೈಯ ಭಾರ ಈಗಲೂ... ಇರಲಿ. ಬಸ್ಸು ಹತ್ತುವಾಗ, "ಬರೋ ವರ್ಷ ನೋಡನ," ಅಂದರು.

ಆ ಮಳೆಗಾಲದಲ್ಲೇ ತೀರಿಕೊಂಡರು. ಮಗಳು ಫೋನ್ ಮಾಡಿ ತಿಳಿಸಿದಳು, ವೈಕುಂಠ ಸಮಾರಾಧನೆಗೆ ಬನ್ನಿ ಎಂದು ಕರೆದಳು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ಅಲ್ಲಿ ಆ ಶುಕ್ರವಾರದ ಮಾತು ಬಂದರೆ ಮುಖ ಎಲ್ಲಿಡುವುದು ಎಂಬ ಹೆದರಿಕೆ.

ಆದರೆ ಆ ಮಾತನ್ನು ಅವರು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಮುಂದಿನ ಬೇಸಿಗೆಯಲ್ಲಿ, ಮಗಳು ಗಂಡನೊಂದಿಗೆ ನನ್ನ ಅಂಗಡಿಗೆ ಬಂದು, ಬರುವ ಶುಕ್ರವಾರ ಚೌಡಿಯ ಹತ್ತಿರ ಕರೆದುಕೊಂಡು ಹೋಗಿ ಅಂದಾಗ. "ಅಪ್ಪ ಹೋಗೋ ಮುಂಚೆ ಹೇಳಿದ್ರು ಅಣ್ಣ, ಚೌಡಿ ಜಾಗ ನಿಮಗೆ ತೋರಿಸಿದೀನಿ, ಇನ್ನು ಚಿಂತೆ ಇಲ್ಲ ಅಂತ," ಅಂದಳು. "ನಮಗ್ಯಾರಿಗೂ ಗೊತ್ತಿಲ್ಲ. ಈಗ ನೀವೊಬ್ಬರೇ."

ತೋರಿಸಿದೀನಿ ಎಂದು ಅವರು ಹೇಳಿದ್ದು ನಂಬಿಯೋ, ನನ್ನ ಮಾನ ಉಳಿಸಲೋ, ಈ ಹೊತ್ತಿಗೂ ತಿಳಿದಿಲ್ಲ. ಶುಕ್ರವಾರಕ್ಕೆ ಇನ್ನೆರಡು ದಿನವಿತ್ತು. ಹಳೆಯ ಫೋನು ಹುಡುಕಿ ತೆಗೆದು ಆ ದಿನದ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿದೆ, ಒಂದಾದರೂ ಗುರುತು ಸಿಗಬಹುದೇ ಎಂದು. ಎಲ್ಲದರಲ್ಲೂ ನನ್ನ ಮುಖ, ನನ್ನ ಕಪ್ಪು ಕನ್ನಡಕ, ಹಿಂದೆ ಆಕಾಶ. ಅಜ್ಜನ ದನಿ ಇದೆ, ದಾರಿ ಹೇಳುತ್ತಿರುವುದು ಗೊತ್ತಾಗುತ್ತದೆ. ಗಾಳಿಯ ಸದ್ದಿನಲ್ಲಿ ಒಂದು ಮಾತೂ ಬಿಡಿಸಿ ಕೇಳಿಸುವುದಿಲ್ಲ.

ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಅಂದರೆ ಯಾಕೆ ಗೊತ್ತಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ಶುಕ್ರವಾರ ಅವರಿಬ್ಬರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟೆ. ಕವಲುಮರ ಒಂದಲ್ಲ, ಹತ್ತಿದ್ದವು. ಒಂದು ದಿಬ್ಬಕ್ಕೆ ದೋಣಿ ತಾಗಿಸಿ, ಗೊತ್ತಿದ್ದವನಂತೆ ಮುಂದೆ ಮುಂದೆ ನಡೆದೆ. ಎಲ್ಲೆಲ್ಲೂ ಕಲ್ಲು. ಒಣಗಿದ ಮರದ ಬೊಡ್ಡೆಯೊಂದರ ಹತ್ತಿರ, ಮೊಣಕಾಲೆತ್ತರದ ಒಂದು ಕಲ್ಲು ಕಂಡಿತು. "ಇದೇ," ಅಂದೆ.

ಅವಳು ಕೊಡದಲ್ಲಿ ನೀರು ತಂದು ಕೈಯಿಂದ ಉಜ್ಜಿ ಉಜ್ಜಿ ಆ ಕಲ್ಲನ್ನು ತೊಳೆದಳು. ಕುಂಕುಮ ಹಚ್ಚಿದಳು. ಗಂಡ ಕಾಯಿ ಒಡೆದ. ಅಡ್ಡಬಿದ್ದು ಎದ್ದವಳು ಕಣ್ಣು ಒರೆಸಿಕೊಂಡು, "ಅಪ್ಪ ಎಲ್ಲಿ ಕೂತ್ಕಳ್ತಿದ್ರು ಅಣ್ಣ?" ಎಂದು ಕೇಳಿದಳು. ಆಗಲಾದರೂ ಹೇಳಬಹುದಿತ್ತು. ನಾನು ಬೊಡ್ಡೆಯ ಪಕ್ಕದ ನೆಲ ತೋರಿಸಿದೆ. ಅವಳು ಹೋಗಿ ಅಲ್ಲಿ ಕೂತಳು.

ಆಮೇಲೆ ನೀರು ಇಳಿದ ಪ್ರತಿ ವರ್ಷವೂ ಬಂದಿದ್ದಾರೆ. ನಾನು ಅದೇ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿದ್ದೇನೆ, ಈಗ ಅದರ ದಾರಿ ನನಗೆ ಬಾಯಿಪಾಠವಾಗಿದೆ. ಅದು ಯಾರ ಮನೆಯ ದನದ ಹಟ್ಟಿಯ ಗೂಟದ ಕಲ್ಲೋ, ಯಾರ ಗದ್ದೆಯ ಗಡಿಕಲ್ಲೋ. ಒಬ್ಬನೇ ಹೋಗಿ ನಿಜವಾದದ್ದನ್ನು ಹುಡುಕಿದ್ದೂ ಇದೆ, ಮೂರು ನಾಲ್ಕು ಬೇಸಿಗೆ. ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಅಲೆದು, ಹಳೆಯ ಕುಂಕುಮದ ಕಲೆಯೇನಾದರೂ ಉಳಿದಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದ್ದೇನೆ. ವರ್ಷಕ್ಕೆ ಹನ್ನೊಂದು ತಿಂಗಳು ನೀರಿನೊಳಗಿರುವ ಕಲ್ಲಿನ ಮೇಲೆ ಏನು ಉಳಿಯುತ್ತದೆ? ಅದನ್ನು ಇದೇ ಎಂದು ಹೇಳಬಲ್ಲವರು ಒಬ್ಬರಿದ್ದರು. ನನ್ನನ್ನು ಬಾ ಎಂದು ಕರೆದಿದ್ದರು.

ಮೊನ್ನೆ ಅಜ್ಜನ ಮಗಳ ಫೋನ್ ಬಂತು. ಈ ಸಲ ನೀರು ಚೆನ್ನಾಗಿ ಇಳಿದಿದೆಯಂತೆ, ಬರುತ್ತೇವೆ ಅಂದಳು. "ನನ್ನ ಮಗಳನ್ನೂ ಕರ್ಕಂಡು ಬರ್ತಿದೀನಿ ಅಣ್ಣ. ಅಜ್ಜ ನಂಬಿದ್ದ ಜಾಗ, ಅವಳಿಗೂ ಗೊತ್ತಿರ್ಲಿ. ನೀವೇ ಕೈ ಹಿಡ್ದು ತೋರಿಸ್ಬೇಕು."

ಹೇಳಿಬಿಡಬೇಕೆಂದು ಉಸಿರು ಎಳೆದುಕೊಂಡೆ. ಅವಳು ಕಾಯುತ್ತಿದ್ದಳು.

"ಬನ್ನಿ," ಅಂದೆ.